ಕಾರ್ಡಿನವರಿಗೆ ಮಾತ್ರ ಹಮಾಲಿ

ಬಂಡೆಪ್ಪನಿಗೆ ಆ ಕೆಲಸ ಸಿಕ್ಕಿದ್ದು ಅವನ ಅಕ್ಷರದಿಂದ. ೧೯೯೭ರ ಜೂನ್ ತಿಂಗಳಲ್ಲಿ ಬೆಳಗಾವಿಯ ಟಿಳಕವಾಡಿಯ ಅಂಗಡಿಯೊಂದಕ್ಕೆ ಕೆಲಸ ಕೇಳಲು ಹೋದಾಗ ಮಾಲಕ ಬಸಲಿಂಗಪ್ಪನವರು ಅವನ ಊರು, ಓದು, ಹಿಂದಿನ ನೌಕರಿ ಯಾವುದನ್ನೂ ವಿಚಾರಿಸಲಿಲ್ಲ. ಒಂದು ಹಾಳೆ ಕೊಟ್ಟು, ಒಂದರಿಂದ ನೂರರವರೆಗೆ ಅಂಕಿ ಬರೆಯಲು ಹೇಳಿದರು. ಬರೆದು ಮುಗಿದ ಮೇಲೆ ಹಾಳೆಯನ್ನು ಬಾಗಿಲ ಬೆಳಕಿಗೆ ಹಿಡಿದು ನೋಡಿ, ನಾಲ್ಕಾಗಿ ಮಡಚಿ ಜೇಬಿಗಿಟ್ಟುಕೊಂಡರು. “ನಾಳಿಂದ ಬಾ. ಬಿಲ್ಲು ನೀನ ಬರೀಬೇಕು. ಬ್ಯಾರೆ ಯಾರ ಕೈನೂ ಬಿಲ್ ಬುಕ್ಕಿಗೆ ಹತ್ತಬಾರದು” ಅಂದರು.

ಬಂಡೆಪ್ಪನಿಗೆ ಆಗ ಮೂವತ್ತೊಂಬತ್ತು ವರ್ಷ. ಖಾನಾಪುರದ ಹೆಂಚಿನ ಕಾರ್ಖಾನೆಯಲ್ಲಿ ಹನ್ನೊಂದು ವರ್ಷ ಗುಮಾಸ್ತನಾಗಿದ್ದ. ಕಾರ್ಖಾನೆ ಮುಚ್ಚಿ ಎಂಟು ತಿಂಗಳಾಗಿತ್ತು. ಹೆಂಡತಿ ಸತ್ಯವ್ವ ಎರಡು ಎಮ್ಮೆ ಕಟ್ಟಿ ಹಾಲು ಮಾರಿ ಮನೆ ನಡೆಸುತ್ತಿದ್ದಳು. ಮರುದಿನದಿಂದ ಅವನು ಖಾನಾಪುರದಿಂದ ಬೆಳಗಿನ ಏಳೂವರೆಯ ಬಸ್ಸು ಹಿಡಿದು ಬೆಳಗಾವಿಗೆ ಹೋಗತೊಡಗಿದ. ಸಂಬಳ ಎರಡು ಸಾವಿರದ ಇನ್ನೂರು.

ಫ್ರಿಜ್ಜು, ಟಿವಿ, ಬಟ್ಟೆ ಒಗೆಯುವ ಮಷೀನು ಮಾರುವ ಅಂಗಡಿ ಅದು. ಗಾಜಿನ ಬಾಗಿಲಿನ ಮೇಲೆ ಕ್ರೆಡಿಟ್ ಕಾರ್ಡಿನ ಬಣ್ಣದ ಚೀಟಿ ಅಂಟಿಸಿತ್ತು. ಆ ಕಾಲಕ್ಕೆ ಬೆಳಗಾವಿಯಲ್ಲಿ ಕಾರ್ಡು ತೆಗೆದುಕೊಳ್ಳುವ ಅಂಗಡಿಗಳು ಬೆರಳೆಣಿಕೆಯಷ್ಟು. ಕ್ಯಾಂಪಿನ ಫೌಜಿ ಅಧಿಕಾರಿಗಳು, ಡಾಕ್ಟರುಗಳು, ಮಕ್ಕಳು ದುಬೈಯಲ್ಲಿರುವ ಮನೆಯವರು ಕಾರ್ಡು ತರುತ್ತಿದ್ದರು. ಕಾರ್ಡನ್ನು ಕಬ್ಬಿಣದ ತಟ್ಟೆಯಂಥ ಮಷೀನಿನ ಮೇಲಿಟ್ಟು, ಅದರ ಮೇಲೆ ಕಾರ್ಬನ್ ಇರುವ ಮೂರು ಹಾಳೆಯ ಚೀಟಿ ಹಾಸಿ, ಹಿಡಿಕೆಯನ್ನು ಆಚೆಯಿಂದ ಈಚೆಗೆ ಒಮ್ಮೆ ಎಳೆದರೆ ಕಾರ್ಡಿನ ಅಂಕಿಗಳು ಚೀಟಿಯ ಮೇಲೆ ಮೂಡುತ್ತಿದ್ದವು. ಮೊತ್ತವನ್ನು ಬಂಡೆಪ್ಪ ಕೈಯಿಂದ ಬರೆಯುತ್ತಿದ್ದ. ಗಿರಾಕಿ ಸಹಿ ಮಾಡುತ್ತಿದ್ದರು.

ಪ್ರತಿ ನೂರು ರೂಪಾಯಿಗೆ ಎರಡೂವರೆ ರೂಪಾಯಿಯನ್ನು ಬ್ಯಾಂಕು ಅಂಗಡಿಯಿಂದ ಮುರಿದುಕೊಳ್ಳುತ್ತಿತ್ತು. ಅದನ್ನು ಗಿರಾಕಿಯ ತಲೆಗೆ ಕಟ್ಟಬಾರದು, ನಗದಿಗೂ ಕಾರ್ಡಿಗೂ ಒಂದೇ ಬೆಲೆ ಇರಬೇಕು ಎಂದು ಮಷೀನು ಕೊಡುವಾಗಲೇ ಬ್ಯಾಂಕು ಬರೆಸಿಕೊಂಡಿತ್ತು. ಹಾಗಿದ್ದರೂ ಊರಿನ ಹೆಚ್ಚಿನ ಅಂಗಡಿಗಳವರು, “ಕಾರ್ಡಿಗೆ ಎರಡು ಪರ್ಸೆಂಟ್ ಜಾಸ್ತಿ ಆಗ್ತದ್ರಿ” ಎಂದು ಬಾಯಿಬಿಟ್ಟೇ ಹೇಳುತ್ತಿದ್ದರು. ಒಪ್ಪಿದವರು ಕೊಡುತ್ತಿದ್ದರು, ಒಪ್ಪದವರು ಎದ್ದು ಹೋಗುತ್ತಿದ್ದರು.

ಬಸಲಿಂಗಪ್ಪನವರು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಅವರ ತಂದೆ ಎತ್ತಿನ ಪೇಟೆಯಲ್ಲಿ ದಲಾಲಿ ಮಾಡಿದವರು. ದನದ ಪೇಟೆಯಲ್ಲಿ ಬೆಲೆಯನ್ನು ಕೂಗಿ ಹೇಳುವ ಪದ್ಧತಿಯಿಲ್ಲ. ಮಾರುವವನೂ ಕೊಳ್ಳುವವನೂ ಟವಲಿನ ಕೆಳಗೆ ಕೈಯಿಟ್ಟು ಒಬ್ಬರ ಬೆರಳನ್ನು ಇನ್ನೊಬ್ಬರು ಹಿಡಿಯುತ್ತಾರೆ. ಸುತ್ತ ನಿಂತವರಿಗೆ ಟವಲು ಅಲುಗಾಡುವುದು ಮಾತ್ರ ಕಾಣುತ್ತದೆ. ಆ ಪದ್ಧತಿಯನ್ನೇ ಬಸಲಿಂಗಪ್ಪನವರು ಅಂಗಡಿಗೆ ತಂದಿದ್ದರು. ಕಾರ್ಡು ಬಂದೊಡನೆ ಬಂಡೆಪ್ಪ ಅದನ್ನು ಅವರು ಕೂರುವ ಗಾದಿಯ ಹತ್ತಿರ ಒಯ್ಯಬೇಕು. ಅವರು ಒಂದು ಕೈಯಲ್ಲಿ ಕಾರ್ಡು ಹಿಡಿದು ನೋಡಿದಂತೆ ಮಾಡಿ, ತೊಡೆಯ ಮೇಲಿನ ಟವಲಿನ ಕೆಳಗೆ ಬಂಡೆಪ್ಪನ ಬೆರಳು ಒತ್ತುತ್ತಿದ್ದರು. ಎರಡು ಬೆರಳು ಹಿಡಿದರೆ ನೂರಕ್ಕೆ ಎರಡು, ಮೂರು ಹಿಡಿದರೆ ಮೂರು. ಗಿರಾಕಿಯ ಕೈಗಡಿಯಾರ, ಚಪ್ಪಲಿ, ಹೆಂಡತಿಯ ಬಳೆ ನೋಡಿ ಅವರು ಬೆರಳು ಎಣಿಸುತ್ತಿದ್ದರು. ಬಂಡೆಪ್ಪ ವಾಪಸು ಬಂದು ಬಿಲ್ಲಿನ ಕೊನೆಯ ಸಾಲಿನಲ್ಲಿ ಸಾಮಾನು ಹೊತ್ತ ಕೂಲಿಯೆಂಬಂತೆ ‘ಹಮಾಲಿ’ ಎಂದು ಬರೆದು ಅಷ್ಟು ಹಣ ಸೇರಿಸುತ್ತಿದ್ದ. ಹಮಾಲಿಗೆ ಯಾರೂ ಜಗಳ ತೆಗೆಯುವುದಿಲ್ಲ.

ಇದರಲ್ಲಿ ತಪ್ಪಿದೆ ಎಂದು ಬಂಡೆಪ್ಪನಿಗೆ ಗೊತ್ತಿತ್ತು. ಆದರೆ ಭಯವಿರಲಿಲ್ಲ. ಅವನ ತಂದೆ ಮೈಲಾರಲಿಂಗ ನಲವತ್ತು ವರ್ಷ ಕುರಿ ಮಾರಿದವನು. ಟವಲಿನ ಕೆಳಗೆ ಒಮ್ಮೆ ಬೆರಳು ಹಿಡಿದ ಮೇಲೆ ಆ ಬೆಲೆಯಿಂದ ಹಿಂದೆ ಸರಿದವರನ್ನು ಆ ಮನೆಯಲ್ಲಿ ಯಾರೂ ಕಂಡಿರಲಿಲ್ಲ. ಕಾಗದದ ಮಾತು ಮುರಿಯಬಹುದು, ಬೆರಳಿನ ಮಾತು ಮುರಿಯುವುದಿಲ್ಲ ಎಂಬುದು ಬಂಡೆಪ್ಪ ಹಾಲು ಕುಡಿಯುವಾಗಿನಿಂದ ನಂಬಿದ್ದ ಮಾತು. ಬಸಲಿಂಗಪ್ಪನವರ ಜೇಬಿನಲ್ಲಿ ಪೆನ್ನೇ ಇರುವುದಿಲ್ಲ ಎಂಬುದನ್ನು ಅವನು ಮೂರು ವರ್ಷ ದಿನವೂ ನೋಡಿದ್ದ, ಅದೇಕೆಂದು ಒಮ್ಮೆಯೂ ಯೋಚಿಸಿರಲಿಲ್ಲ.

೨೦೦೦ದ ಆಗಸ್ಟ್ ತಿಂಗಳ ಒಂದು ಮಧ್ಯಾಹ್ನ ನಜ್ಮುನ್ನಿಸಾ ಅಂಗಡಿಗೆ ಬಂದರು. ಉರ್ದು ಶಾಲೆಯಲ್ಲಿ ಮೂವತ್ತು ವರ್ಷ ಕಲಿಸಿ ನಿವೃತ್ತರಾದವರು. ಕೈಯಲ್ಲಿ ಎರಡು ಬಿಲ್ಲು. ಒಂದು ಅವರದು, ಇನ್ನೊಂದು ಪಕ್ಕದ ಮನೆಯವರದು. ಇಬ್ಬರೂ ಅದೇ ವಾರ, ಅದೇ ಹನ್ನೆರಡು ಸಾವಿರದ ಬಟ್ಟೆ ಒಗೆಯುವ ಮಷೀನನ್ನು ಕಾರ್ಡಿನ ಮೇಲೆ ಕೊಂಡಿದ್ದರು.

“ಇವರಿಗೆ ಹಮಾಲಿ ಎರಡನೂರಾ ನಲವತ್ತು. ನನಗ ಆರುನೂರು. ನನ್ನ ಮಷೀನ್ ವಿಮಾನದಾಗ ಬಂತೇನ್ರೀ?” ಎಂದು ಬಿಲ್ಲುಗಳನ್ನು ಬಂಡೆಪ್ಪನ ಮುಂದಿಟ್ಟರು.

“ಹಂಗಲ್ರಿ ಅಕ್ಕಾರ, ಅದು...”

“ಹೊತ್ತವರು ಯಾರು? ನನ್ನ ಮಗ, ನನ್ನ ಅಳಿಯ. ಟೆಂಪೋನೂ ನಮ್ದ. ಹಮಾಲಿ ಅವರಿಗೆ ಕೊಟ್ಟೀರೇನು? ಕೊಟ್ಟಿದ್ರ ಇಬ್ಬರೂ ಮನ್ಯಾಗ ಹೇಳಿಲ್ಲ, ಇವತ್ತ ಹೋಗಿ ಕಿವಿ ಹಿಂಡ್ತೀನಿ.”

ಟಿವಿ ನೋಡುತ್ತಿದ್ದ ಇಬ್ಬರು ಗಿರಾಕಿಗಳು ನಕ್ಕರು. ಬಂಡೆಪ್ಪ ಗಾದಿಯತ್ತ ನೋಡಿದ. ಬಸಲಿಂಗಪ್ಪನವರು ಹೊರಗಿನ ರಸ್ತೆ ನೋಡುತ್ತಿದ್ದರು.

“ಅವರನ್ಯಾಕ ನೋಡ್ತೀರಿ? ಬರದವರು ನೀವು. ಅಕ್ಷರ ಮುತ್ತಿನಂಗ ಅದಾವು. ನನ್ನ ಸಾಲ್ಯಾಗ ಇದ್ದಿದ್ರ ಹತ್ತಕ್ಕ ಹತ್ತು ಕೊಡ್ತಿದ್ದೆ. ಈಗ ಬ್ಯಾಂಕಿಗೆ ಕೊಡ್ತೀನಿ” ಎಂದು ನಜ್ಮುನ್ನಿಸಾ ಬಿಲ್ಲುಗಳನ್ನು ಮಡಚಿ ಚೀಲಕ್ಕೆ ಹಾಕಿಕೊಂಡು ಹೊರಟರು.

ಹದಿನೈದು ದಿನದ ಮೇಲೆ ಹುಬ್ಬಳ್ಳಿಯಿಂದ ಬ್ಯಾಂಕಿನ ಕಾರ್ಡು ವಿಭಾಗದ ಅಧಿಕಾರಿ ಅಮರ ಎಂಬವರು ಬಂದರು. ವಯಸ್ಸು ಮೂವತ್ತು ದಾಟಿರಲಿಲ್ಲ. ನಾಲ್ಕು ಬಿಲ್ ಬುಕ್ಕುಗಳನ್ನು ತರಿಸಿಕೊಂಡು ಒಂದೊಂದೇ ಹಾಳೆ ತಿರುವಿದರು.

“ಇದೇನ್ ಸೋಜಿಗರಿ? ರೊಕ್ಕ ಎಣಿಸಿ ಕೊಟ್ಟವರ ಒಂದು ಬಿಲ್ಲಿನಾಗೂ ಹಮಾಲಿ ಇಲ್ಲ. ಕಾರ್ಡಿನವರಿಗೆ ಮಾತ್ರ ಹಮಾಲಿ ಐತಿ. ಕಾರ್ಡಿನವರು ಒಯ್ಯೋ ಫ್ರಿಜ್ಜು ಅಷ್ಟು ವಜ್ಜಿ ಆಗ್ತಾವೇನು?”

ಬಸಲಿಂಗಪ್ಪನವರು ಟವಲಿನಿಂದ ನಿಧಾನವಾಗಿ ಕೈ ಒರೆಸಿಕೊಂಡರು. “ನನಗೇನ ಗೊತ್ತರಿ ಸಾಹೇಬ್ರ? ನಾ ಹಳೇ ಮನಷ್ಯಾ. ಕಾರ್ಡಿನ ವ್ಯವಹಾರ ಎಲ್ಲಾ ಇವಂದು. ಇವನ್ನ ಕೇಳ್ರಿ.”

ಅಮರ ಬಂಡೆಪ್ಪನ ಕಡೆ ತಿರುಗಿದರು. ಬಂಡೆಪ್ಪ ಮಾಲಕರ ಕಣ್ಣು ಹುಡುಕಿದ. ಆ ಕಣ್ಣಿನಲ್ಲಿ ಸಿಟ್ಟಿರಲಿಲ್ಲ, ಗಾಬರಿಯೂ ಇರಲಿಲ್ಲ. ಇದು ಮಾಲಕರ ಮರ್ಯಾದೆ ಉಳಿಸುವ ಹೊತ್ತು, ಆಮೇಲೆ ಅವರು ತನ್ನನ್ನು ನೋಡಿಕೊಳ್ಳುತ್ತಾರೆ ಎಂದುಕೊಂಡ. ಬೆರಳು ಹಿಡಿದವರು ಕೈಬಿಡುವುದಿಲ್ಲ.

“ನನ್ನಿಂದ ಲೆಕ್ಕ ತಪ್ಪೈತ್ರಿ” ಅಂದ.

ಅಮರ ಅದನ್ನು ತಮ್ಮ ಡೈರಿಯಲ್ಲಿ ಬರೆದುಕೊಂಡು, ಬಂಡೆಪ್ಪನ ಪೂರ್ತಿ ಹೆಸರು ಕೇಳಿ ಅದನ್ನೂ ಬರೆದುಕೊಂಡರು.

ಮರುವಾರದ ಬುಧವಾರ ಬಸಲಿಂಗಪ್ಪನವರು ಅವನನ್ನು ಒಳಕೋಣೆಗೆ ಕರೆದರು. ಅಲ್ಲಿ ಒಂದು ಸ್ಟೀಲಿನ ಕಪಾಟು, ಒಂದು ಮೇಜು, ಎರಡು ಕುರ್ಚಿ. ಮೂರು ವರ್ಷದಲ್ಲಿ ಮೊದಲ ಬಾರಿಗೆ ಅವನಿಗೆ, “ಕುಂದರು” ಅಂದರು. ಚಹಾ ತರಿಸಿದರು.

“ದಸರಾಕ್ಕ ಖಾನಾಪುರದಾಗ ಅಂಗಡಿ ತಗೀತೀನಿ. ಬಸ್ ಸ್ಟ್ಯಾಂಡ್ ಎದುರಿಗೆ ಜಾಗಾ ಆಗೇತಿ. ನೀನ ನೋಡ್ಕೋಬೇಕು. ಮೂರೂವರಿ ಸಾವಿರ ಕೊಡ್ತೀನಿ. ಮನ್ಯಾಗ ಉಂಡು ಅಂಗಡಿಗೆ ಬಾ.”

ದಿನಾ ಮೂರು ತಾಸು ಬಸ್ಸಿನಲ್ಲಿ ಕಳೆಯುವವನಿಗೆ ಇದಕ್ಕಿಂತ ದೊಡ್ಡ ಮಾತು ಇರಲಿಲ್ಲ.

“ಮತ್ತ ಇದೊಂದು ಐತಿ” ಎಂದು ಬಸಲಿಂಗಪ್ಪನವರು ಟೈಪು ಮಾಡಿದ ಕಾಗದವೊಂದನ್ನು ಮೇಜಿನ ಮೇಲೆ ಜರುಗಿಸಿದರು. “ಬ್ಯಾಂಕಿನವರು ಕೇಳ್ಯಾರ. ಬರೇ ಫಾರ್ಮಾಲಿಟಿ.”

ಕಾಗದ ಇಂಗ್ಲಿಷಿನಲ್ಲಿತ್ತು. ಬಂಡೆಪ್ಪ ಬೆರಳಿಟ್ಟು ಸಾವಕಾಶ ಓದಿದ. ಕೆಳಗೆ ಸಹಿ ಮಾಡಿರುವ ನಾನು, ಮಾಲಕರಿಗೆ ತಿಳಿಸದೆ, ೧೯೯೭ರಿಂದ ಈವರೆಗೆ ಕಾರ್ಡಿನ ಗಿರಾಕಿಗಳಿಂದ ಹೆಚ್ಚಿನ ಹಣ ವಸೂಲು ಮಾಡಿದ್ದೇನೆ ಎಂದಿತ್ತು. ಎಷ್ಟು ಹಣ ಎಂಬಲ್ಲಿ ಜಾಗ ಖಾಲಿ. ತಾರೀಖಿನ ಜಾಗವೂ ಖಾಲಿ.

“ಮನಿಗೊಯ್ದು ಒಮ್ಮೆ ಓದ್ತೀನ್ರಿ ಸಾವಕಾರ್ರ.”

“ಕಾಗದ ಹೊರಗ ಹೋಗಂಗಿಲ್ಲ. ಸೋಮವಾರತನಾ ವಿಚಾರ ಮಾಡು.” ಬಸಲಿಂಗಪ್ಪನವರು ಕಾಗದವನ್ನು ತಿರುಗಿ ಕಪಾಟಿನಲ್ಲಿಟ್ಟು ಕೀಲಿ ಹಾಕಿದರು.

ಮರುದಿನ ಬೆಳಿಗ್ಗೆ ಎಮ್ಮೆ ಹಿಂಡುತ್ತಿದ್ದ ಸತ್ಯವ್ವನ ಬಳಿ ಕೂತು ಬಂಡೆಪ್ಪ ಎಲ್ಲ ಹೇಳಿದ. ಮೂರೂವರೆ ಸಾವಿರ ಎಂದಾಗ ಅವಳ ಕೈ ಒಂದು ಗಳಿಗೆ ನಿಂತಿತು.

“ಸಹಿ ಮಾಡ್ಲಿಲ್ಲಂದ್ರ?”

“ನೌಕರಿ ಹೋಗ್ತದ.”

“ಮಾಡಿದ್ರ?”

“ಖಾನಾಪುರದ ಅಂಗಡಿ.”

“ಹಂಗಾರ ಮಾಡಿಬಿಡ್ರಿ” ಎಂದು ಅವಳು ಮತ್ತೆ ಹಾಲು ಕರೆಯತೊಡಗಿದಳು. ತುಸು ಹೊತ್ತಿನ ಮೇಲೆ ತಲೆಯೆತ್ತದೆ ಕೇಳಿದಳು: “ಅಲ್ರೀ, ಆರುನೂರು ಅಂತ ಗೊತ್ತೈತಿ. ಮತ್ತ ರೊಕ್ಕದ ಜಾಗಾ ಖಾಲಿ ಯಾಕ ಬಿಟ್ಟಾರ?”

ಬಂಡೆಪ್ಪ ಏಳೂವರೆಯ ಬಸ್ಸಿಗೆ ಎದ್ದ.

ಶುಕ್ರವಾರ, ಗಿರಾಕಿಯೊಬ್ಬರು ಕೇಳಿದ ಹಳೆಯ ರಸೀದಿಯನ್ನು ಹುಡುಕಲು ಅವನು ಮಾಳಿಗೆಯ ಗಂಟುಗಳನ್ನು ಬಿಚ್ಚಿದ. ೧೯೯೫ರ ಬಿಲ್ ಬುಕ್ಕು ಕೈಗೆ ಬಂತು. ಹಾಳೆ ತಿರುವಿದರೆ ಕೊನೆಯ ಸಾಲಿನಲ್ಲಿ ಅದೇ ಹಮಾಲಿ. ಅಕ್ಷರ ಮಾತ್ರ ಬೇರೆ, ಸಣ್ಣಗೆ, ಬಲಕ್ಕೆ ವಾಲಿದ್ದು. ಅದು ಉಳವಪ್ಪನ ಕೈ ಎಂದು ಅವನಿಗೆ ತಿಳಿಯಿತು. ಬಂಡೆಪ್ಪನಿಗಿಂತ ಮೊದಲು ಅಲ್ಲಿ ಬಿಲ್ಲು ಬರೆಯುತ್ತಿದ್ದವನು. ಗಲ್ಲಾಪೆಟ್ಟಿಗೆಗೆ ಕೈ ಹಾಕಿದ, ಮಾಲಕರು ದೊಡ್ಡ ಮನಸ್ಸು ಮಾಡಿ ಪೊಲೀಸರಿಗೆ ಕೊಡದೆ ಬಿಟ್ಟರು ಎಂದು ಅಂಗಡಿಯಲ್ಲಿ ಹೇಳುತ್ತಿದ್ದರು. ಈಗ ಜಾಂಬೋಟಿಯ ಅಕ್ಕಿ ಗಿರಣಿಯಲ್ಲಿ ಕಾವಲಿಗಿದ್ದಾನೆ ಎಂದು ಯಾರೋ ಅಂದಿದ್ದು ನೆನಪಾಯಿತು.

ಭಾನುವಾರ ಬಂಡೆಪ್ಪ ಜಾಂಬೋಟಿಯ ಬಸ್ಸು ಹತ್ತಿದ. ಮಳೆ ಬಿಟ್ಟಿರಲಿಲ್ಲ. ರಸ್ತೆಯ ಎರಡೂ ಬದಿಯ ಗದ್ದೆಗಳಲ್ಲಿ ನೀರು ಬದುವಿನ ಮಟ್ಟಕ್ಕೆ ನಿಂತಿತ್ತು. ಗಿರಣಿ ಮುಚ್ಚಿತ್ತು. ಪಕ್ಕದ ತಗಡಿನ ಚಪ್ಪರದಲ್ಲಿ ಉಳವಪ್ಪ ಕಂಬಳಿ ಹೊದ್ದು ಕೂತಿದ್ದ. ಐವತ್ತೈದರ ಮನುಷ್ಯ ಎಪ್ಪತ್ತರವನಂತೆ ಕಾಣುತ್ತಿದ್ದ. ಬಂಡೆಪ್ಪ ಹೆಸರು ಹೇಳಿದೊಡನೆ ಅವನು ಮೇಲಿಂದ ಕೆಳಗೆ ನೋಡಿದ.

“ಈಗ ಬಿಲ್ಲು ಬರಿಯಾಂವ ನೀ ಏನು?”

“ಹೌದಣ್ಣಾ.”

“ಕಾಗದ ತಂದಾನೇನು?”

ಬಂಡೆಪ್ಪ ಇನ್ನೂ ಏನನ್ನೂ ಹೇಳಿರಲಿಲ್ಲ. ಹೌದೆಂದು ತಲೆಯಾಡಿಸಿದ.

“ರೊಕ್ಕದ ಜಾಗಾ ಖಾಲಿ. ತಾರೀಖ ಖಾಲಿ. ಹೌದಿಲ್ಲೋ? ನಾ ತೊಂಬತ್ನಾಕರಾಗ ಸಹಿ ಮಾಡಿದೆ. ಬರೇ ಫಾರ್ಮಾಲಿಟಿ ಅಂದಾ. ನನಗ ಗೋಡೌನ್ ಮ್ಯಾನೇಜರ್ ಮಾಡ್ತೀನಿ ಅಂದಿದ್ದಾ.”

“ಮಾಡ್ಲಿಲ್ಲಾ?”

“ಮಾಡಿದಾ. ಯಾಕ ಮಾಡಂಗಿಲ್ಲ? ಬಿಲ್ಲೂ ನಾನ ಬರೀತಿದ್ದೆ. ಆಮ್ಯಾಲ ನೋಡಪ್ಪಾ, ಪಗಾರ ಹೆಚ್ಚ ಮಾಡ್ರಿ ಅಂದ್ರ ಕಪಾಟಿನ ಕಡೆ ನೋಡಾಂವ. ರಜಾ ಕೊಡ್ರಿ ಅಂದ್ರ ಕಪಾಟಿನ ಕಡೆ ನೋಡಾಂವ. ಬಾಯಿಲೆ ಒಂದ ಮಾತಿಲ್ಲ. ನನ್ನ ತಂಗಿ ಸತ್ತಾಗ ಮಣ್ಣಿಗಿ ಹೋಗಾಕ ಬಿಡ್ಲಿಲ್ಲ. ಬ್ಯಾರೆ ಕಡೆ ನೌಕರಿ ನೋಡ್ದೆ. ಅಂವಗ ಹೆಂಗೋ ಗೊತ್ತಾತು. ಅವತ್ತ ಕಪಾಟ ತಗದು ಕಾಗದ ಮೇಜಿನ ಮ್ಯಾಲ ಇಟ್ಟಾ. ಖಾಲಿ ಜಾಗಾದಾಗ ಪೆನ್ಸಿಲ್ಲಿಲೆ ಎರಡು ಲಕ್ಷ ಅಂತ ಬರಸಿದ್ದಾ. ಮತ್ತ ರಬ್ಬರ್ ತಗೊಂಡು ನನ್ನ ಎದರಿಗೇ ಅಳಸಿದಾ.”

ಮಳೆ ತಗಡಿನ ಮೇಲೆ ಬೀಳುತ್ತಿತ್ತು. ಬಂಡೆಪ್ಪ ದನಿ ತಗ್ಗಿಸಿ ಕೇಳಿದ: “ಮತ್ತ ನೀವು ಹೆಂಗ ಪಾರಾದ್ರಿ ಅಣ್ಣಾ?”

“ನಾ ಎಲ್ಲಿ ಪಾರಾದೆ? ಕಾಗದ ಇನ್ನೂ ಅವನ ಹಂತೇಕನ ಐತಿ. ನನ್ನ ಕಣ್ಣು ಮಂಜಾದುವು, ಅಕ್ಷರ ಕೆಟ್ಟುವು. ಅಷ್ಟರಾಗ ಅಂವಗ ನೀ ಸಿಕ್ಕಿ. ನನ್ನ ಬಿಟ್ಟಾ.”

ಸೋಮವಾರ ಬೆಳಿಗ್ಗೆ ಬೆಳಗಾವಿಯಲ್ಲಿ ಬಸ್ಸಿಳಿದವನು ನೇರವಾಗಿ ಅಂಗಡಿಗೆ ಹೋಗಲಿಲ್ಲ. ರೈಲು ನಿಲ್ದಾಣದ ಎದುರಿನ ಎಸ್‌ಟಿಡಿ ಬೂತಿನಿಂದ ಹುಬ್ಬಳ್ಳಿಯ ಬ್ಯಾಂಕಿಗೆ ಫೋನು ಮಾಡಿದ. ಬೂತಿನ ಕೆಂಪು ಅಂಕಿಗಳು ಓಡುತ್ತಿದ್ದವು. ಅಮರ ಸಿಕ್ಕರು.

“ಸಾಹೇಬ್ರ, ನೀವು ಕೇಳಿದ ಕಾಗದಕ್ಕ ಸಹಿ ಇವತ್ತ ಮಾಡಬೇಕ್ರಿ?”

“ಯಾವ ಕಾಗದಾ?”

“ನಾ ರೊಕ್ಕ ಹೆಚ್ಚ ತಗೊಂಡೇನಿ ಅಂತ ಬರಕೊಡೂದು.”

“ನಾವೇನೂ ಕೇಳಿಲ್ರೀ. ನಿಮ್ಮ ಮಾಲಕರು ನಜ್ಮುನ್ನಿಸಾ ಬಾಯಿಯವರಿಗೆ ಆರುನೂರು ವಾಪಸ್ ಕೊಟ್ಟಾರ. ಇನ್ನ ಮುಂದ ಹಂಗ ಆಗಂಗಿಲ್ಲಂತ ಪತ್ರಾ ಕೊಟ್ಟಾರ. ಹೋದ ಮಂಗಳವಾರನ ಫೈಲ್ ಮುಗದೈತಿ.”

ಹೋದ ಮಂಗಳವಾರ. ಕಾಗದ ಮೇಜಿನ ಮೇಲೆ ಬಂದದ್ದು ಅದರ ಮರುದಿನ. ಬಂಡೆಪ್ಪ ರಿಸೀವರನ್ನು ಇಟ್ಟು, ಹನ್ನೊಂದು ರೂಪಾಯಿ ಕೊಟ್ಟು ಹೊರಬಂದ. ಆ ಕಾಗದ ಬ್ಯಾಂಕಿಗಲ್ಲ, ಮಾಲಕರ ಕಪಾಟಿಗೆ ಎಂದು ಅವನಿಗೆ ಸ್ಪಷ್ಟವಾಯಿತು.

ಒಳಕೋಣೆಯ ಮೇಜಿನ ಮೇಲೆ ಕಾಗದವೂ ಒಂದು ಪೆನ್ನೂ ಪಕ್ಕದಲ್ಲಿ ಖಾನಾಪುರದ ಅಂಗಡಿಯ ಕೀಲಿಗೊಂಚಲೂ ಇದ್ದವು.

“ನಾ ಸಹಿ ಮಾಡಂಗಿಲ್ರಿ ಸಾವಕಾರ್ರ.”

ಬಸಲಿಂಗಪ್ಪನವರು ಸಿಟ್ಟಾಗಲಿಲ್ಲ. “ಯಾಕೋ ತಮ್ಮಾ?”

“ಬೆರಳ ಹಿಡದವರು ನೀವು. ಅದನ್ನ ಬಾಯಿಲೆ ಒಮ್ಮೆ ಅನ್ರಿ. ಆಮ್ಯಾಲ ಮಾಡ್ತೀನಿ.”

“ಯಾವ ಬೆರಳು?” ಎಂದು ಅವರು ನಿಜವಾಗಿಯೂ ಅರ್ಥವಾಗದವರಂತೆ ಕೇಳಿದರು. ಬಂಡೆಪ್ಪನ ತಂದೆಯ ಪೇಟೆಯಲ್ಲಿ ಈ ಪ್ರಶ್ನೆ ಕೇಳಿದವನಿಗೆ ಮರುವಾರ ಒಂದು ಕುರಿಯನ್ನೂ ಯಾರೂ ಮಾರುತ್ತಿರಲಿಲ್ಲ.

ಬಸಲಿಂಗಪ್ಪನವರು ಎದ್ದು ಕಪಾಟು ತೆಗೆದರು. ಮೂರು ವರ್ಷದ ಬಿಲ್ ಬುಕ್ಕುಗಳು ತಾರೀಖಿನ ಪ್ರಕಾರ ಹಗ್ಗ ಕಟ್ಟಿ ಜೋಡಿಸಿಟ್ಟಿದ್ದವು. “ಸಹಿ ಮಾಡು, ಬಿಡು. ಎಲ್ಲಾ ಬರದ ಕೊಟ್ಟೀದಿ ನೀ. ಒಂದೊಂದ ಹಾಳಿಗೂ ನಿಂದ ಅಕ್ಷರ. ನಂದು ಒಂದ ಗೀಟರೆ ಐತೇನು, ನೋಡು.”

ಬಂಡೆಪ್ಪ ನೋಡಲಿಲ್ಲ. ನೋಡುವ ಅಗತ್ಯವಿರಲಿಲ್ಲ.

“ಖರೇ ಐತ್ರಿ. ನಾನ ಬರದೇನಿ. ಅಲ್ಲಾ ಅನ್ನಂಗಿಲ್ಲ. ಇನ್ನ ಮುಂದ ಮಾತ್ರ ಬರಿಯಾಂಗಿಲ್ಲ” ಎಂದು ಹೇಳಿ ಅವನು ಹೊರಗೆ ಬಂದ. ತಿಂಗಳ ಸಂಬಳ ಕೇಳಲಿಲ್ಲ. ಟಿವಿ ವಿಭಾಗದಲ್ಲಿ ನಿಂತಿದ್ದ ಅಂಗಡಿಯ ಕೆಲಸದ ಹುಡುಗ ಯಲ್ಲೇಶ, “ಯಾಕಣ್ಣಾ, ಇಷ್ಟ ಲಗೂನ ಹೊಂಟ್ರಿ?” ಎಂದ. ಬಂಡೆಪ್ಪ ನಿಲ್ಲಲಿಲ್ಲ.

ಅಂದೇ ಅವನು ನಜ್ಮುನ್ನಿಸಾ ಅವರ ಮನೆ ಹುಡುಕಿಕೊಂಡು ಹೋದ. ಬೆರಳಿನ ಸಂಗತಿ, ಕಾಗದ, ಉಳವಪ್ಪ ಎಲ್ಲವನ್ನೂ ಹೇಳಿದ. ಅವರು ಮಧ್ಯೆ ಬಾಯಿ ಹಾಕದೆ ಕೇಳಿ, “ಇದನ್ನ ಬರದು ಬ್ಯಾಂಕಿಗೂ ಪೊಲೀಸರಿಗೂ ಕೊಟ್ರ ಮೊದಲ ನಿಮ್ಮ ಹೆಸರ ಬರ್ತದ. ಗೊತ್ತದ ಅಲ್ಲಾ?” ಅಂದರು.

“ಬರ್ಲಿರಿ. ನಾನ ಬರದಿದ್ದು ಅಂತ ನಾನ ಹೇಳಿದಂಗ ಆಗ್ತದ.”

ಅರ್ಜಿಯನ್ನು ಬಂಡೆಪ್ಪ ತನ್ನ ಕೈಯಾರೆ ಬರೆದ, ಎರಡು ಪುಟ. ಬ್ಯಾಂಕು ಮುದ್ರೆ ಒತ್ತಿ ತೆಗೆದುಕೊಂಡಿತು. ಠಾಣೆಯಲ್ಲಿ ಹವಾಲ್ದಾರ ಓದಿ, “ಟವಲಿನ ಕೆಳಗಿನ ಬೆರಳಿಗೆ ಸಾಕ್ಷಿ ಯಾರಪ್ಪಾ?” ಎಂದು ನಕ್ಕು, ಒಂದು ಪ್ರತಿ ಇಟ್ಟುಕೊಂಡ. ಅಷ್ಟೇ. ಯಾರೂ ಕರೆಯಲಿಲ್ಲ, ಯಾರೂ ಬರಲಿಲ್ಲ. ಬಂಡೆಪ್ಪ ಸತ್ಯವ್ವನ ಜೊತೆ ಮನೆಮನೆಗೆ ಹಾಲು ಹಾಕತೊಡಗಿದ. ಓಣಿಯಲ್ಲಿ ಮೋಟರ್ ಸೈಕಲ್ಲು ನಿಂತ ಸದ್ದಾದರೆ ಇಬ್ಬರೂ ಒಮ್ಮೆ ಬಾಗಿಲ ಕಡೆ ನೋಡುತ್ತಿದ್ದರು.

ಖಾನಾಪುರದ ಅಂಗಡಿ ಹೇಳಿದ ಹಾಗೆ ದಸರಾಕ್ಕೆ ತೆರೆಯಿತು. ಮೂರನೆಯ ದಿನ ಬಂಡೆಪ್ಪ ಬಸ್ ಸ್ಟ್ಯಾಂಡ್ ಎದುರಿನ ಹೋಟೆಲಿಗೆ ಹಾಲು ಹಾಕಿ ಹೊರಬಂದಾಗ ಗಾಜಿನ ಆಚೆ ಬಿಲ್ಲಿನ ಮೇಜಿನಲ್ಲಿ ಯಲ್ಲೇಶ ಕಂಡ. ಹೊಸ ಅಂಗಿ ತೊಟ್ಟು ತಲೆ ತಗ್ಗಿಸಿ ಬರೆಯುತ್ತಿದ್ದ. ಬಂಡೆಪ್ಪ ಖಾಲಿ ಕ್ಯಾನು ಹಿಡಿದುಕೊಂಡೇ ಒಳಗೆ ಹೋದ.

“ಯಲ್ಲೇಶಾ, ನಿನ್ನ ಕಡಿಂದ ಏನರೆ ಸಹಿ ಮಾಡಿಸ್ಕೊಂಡಾರೇನು?”

ಯಲ್ಲೇಶ ನಕ್ಕ. “ಅಣ್ಣಾ, ನೀವು ಬಿಟ್ಟ ಹೋದ ಜಾಗಾ ನನಗ ಸಿಕ್ಕೈತಿ ಅಂತ ಹೊಟ್ಟಿ ಉರಿ ಏನು? ಅಂಗಡಿಗಿ ಬಂದೀರಿ, ಚಹಾ ಕುಡದ ಹೋಗ್ರಿ.”

“ಮಾಡೀಯೋ, ಇಲ್ಲೋ?”

ಅಷ್ಟರಲ್ಲಿ ಒಳಗಿನಿಂದ ಬಸಲಿಂಗಪ್ಪನವರು ಬಂದರು. ಗಿರಾಕಿಗಳಿಗೆಲ್ಲ ಕೇಳುವಂತೆ, ಮೊದಲ ಬಾರಿಗೆ ಬಹುವಚನದಲ್ಲಿ, ಅವನನ್ನು ಮಾತಾಡಿಸಿದರು. “ಬರ್ರಿ ಬಂಡೆಪ್ಪ, ಬರ್ರಿ. ಆರಾಮ ಅದೀರಿಲ್ಲೋ? ನಿಮ್ಮ ಬಿಲ್ ಬುಕ್ಕು ಬೆಳಗಾಂವದಾಗ ಇಟ್ರ ಇಲಿ ಹತ್ತತಾವಂತ ಎಲ್ಲಾ ಇಲ್ಲೇ ತಂದೀನ್ರಿ. ಜ್ವಾಕಿಲೆ ಇಟ್ಟೀನಿ.”

ಯಲ್ಲೇಶನ ಪೆನ್ನು ನಿಂತಿತು. ಅವನು ಮಾಲಕರನ್ನು ನೋಡಿದ, ಬಂಡೆಪ್ಪನನ್ನು ನೋಡಿದ. ಏನೋ ಕೇಳುವವನಂತೆ ತುಟಿ ತೆರೆದ. ಎದುರಿಗಿದ್ದ ಗಿರಾಕಿ ಜೇಬಿನಿಂದ ಕಾರ್ಡು ತೆಗೆದು ಮೇಜಿನ ಮೇಲಿಟ್ಟರು. ಯಲ್ಲೇಶ ಅದನ್ನು ಎತ್ತಿಕೊಂಡು ಎದ್ದು, ಬಸಲಿಂಗಪ್ಪನವರು ತೊಡೆಯ ಮೇಲೆ ಟವಲು ಹಾಸಿಕೊಂಡು ಕೂತ ಗಾದಿಯ ಕಡೆ ನಡೆದ.